ಅರ್ಧ ಗಂಟೆ ನಿಲ್ಲಿಸಬಾರದು

"ಕತ್ತರಿಸಿ ಬಿಸಾಡು," ಎಂದರು ಮೂಸಬ್ಬ. ಕಾರಿನ ಹೊಟ್ಟೆಯಡಿ ಮಲಗಿದ್ದ ಮೆಕ್ಯಾನಿಕ್ ರವಿರಾಜನಿಗೆ ಕೇಳಿಸಲಿಲ್ಲವೇನೋ ಎಂದು ಬಾಗಿ ಇನ್ನೊಮ್ಮೆ ಹೇಳಿದರು. "ಸೈಲೆನ್ಸರಿನ ಒಳಗೆ ಎಂತದೋ ಫಿಲ್ಟರ್ ಉಂಟಂತಲ್ಲ, ಅದನ್ನು ಕತ್ತರಿಸಿ ಒಂದು ಖಾಲಿ ಪೈಪು ಬೆಸೆ. ನನ್ನ ಲಾರಿಗೆ ಎಲ್ಲಿತ್ತು ಇದೆಲ್ಲ? ಇಪ್ಪತ್ತೆರಡು ವರ್ಷ ಓಡಿತು."

"ಲಾರಿ ಓಡಿತು ಸಾಹೇಬ್ರೇ. ಹಿಂದೆ ಬಂದವರು ಕೆಮ್ಮಿದರು," ಎಂದಿತು ಕೆಳಗಿನ ಧ್ವನಿ.

ಬೀಗದಕೈ ಹಿಡಿದು ಹಿಂದೆ ನಿಂತಿದ್ದ ಸೊಸೆ ಫಾಹಿಮಾ ನಗಲಿಲ್ಲ. ದುಬೈಯಲ್ಲಿರುವ ಅವಳ ಗಂಡ ಅನ್ಸಾಫ್ ಹಡಗಿನಲ್ಲಿ ತರಿಸಿದ ಯುರೋಪಿನ ಡೀಸೆಲ್ ಕಾರು ಅದು. ಬಂಟ್ವಾಳಕ್ಕೆ ಬಂದ ಎಂಟೇ ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ, ಫಿಲ್ಟರ್ ಕಟ್ಟಿಕೊಂಡಿದೆ ಎಂದು ಹೇಳುವ ಒಂದು ಹಳದಿ ದೀಪ ಹೊತ್ತಿಕೊಂಡಿತ್ತು. ಹೊತ್ತಿದ ರಾತ್ರಿಯೇ ಫೋನಿನಲ್ಲಿ ಅನ್ಸಾಫನ ತೀರ್ಪೂ ಬಂದಿತ್ತು: ಹೆಂಗಸು ಓಡಿಸಿದ್ದಕ್ಕೆ ಹೀಗಾಯಿತು, ಸರಿಯಾಗದಿದ್ದರೆ ನಾನು ಬರುವವರೆಗೆ ಕಾರು ಶೆಡ್ಡಿನಲ್ಲಿರಲಿ, ಅವಳು ರಿಕ್ಷಾದಲ್ಲಿ ಹೋಗಲಿ. ಅವನು ಬರುವುದು ಇನ್ನು ಒಂದೂವರೆ ವರ್ಷಕ್ಕೆ, 2011ರಲ್ಲಿ. ಮೂರು ಸಲ ಪರೀಕ್ಷೆಗೆ ಹೋಗಿ ಗಿಟ್ಟಿಸಿದ ಲೈಸನ್ಸು ಅವಳ ಬ್ಯಾಗಿನಲ್ಲಿತ್ತು. ಕಾರು ಶೆಡ್ಡಿಗೆ ಹೋದರೆ ಅದೂ ಹೋದ ಹಾಗೆಯೇ.

ರವಿರಾಜ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಅವಳಿಗೇ ಹೇಳಿದ. "ಅದು ಜೇನುಗೂಡಿನ ಹಾಗೆ ಅಕ್ಕ, ಸಾವಿರಾರು ತೂತು. ಒಂದು ತೂತು ಈ ಕಡೆಯಿಂದ ಮುಚ್ಚಿದ್ದು, ಪಕ್ಕದ್ದು ಆ ಕಡೆಯಿಂದ. ಹೊಗೆ ಗೋಡೆಯೊಳಗಿಂದಲೇ ನುಸುಳಿ ಆಚೆ ಹೋಗಬೇಕು. ಗಾಳಿ ಹೋಗ್ತದೆ, ಮಸಿ ಅಲ್ಲೇ ಕೂರ್ತದೆ."

"ಕೂತದ್ದು ಕೂತೇ ಇರ್ತದಾ?"

"ಇಲ್ಲ. ಗಾಡಿ ಜೋರಾಗಿ ಓಡಿದರೆ ಫಿಲ್ಟರ್ ಕಾಯ್ತದೆ. ಆರುನೂರು ಡಿಗ್ರಿ ಆದರೆ ಮಸಿ ಉರಿದು ಬೂದಿ. ದಿನಕ್ಕೆ ಎಷ್ಟು ದೂರ ಓಡ್ತದೆ ಇದು?"

"ಮಕ್ಕಳ ಶಾಲೆಗೆ ಒಂದೂವರೆ ಕಿಲೋಮೀಟರು. ವಾಪಸು ಒಂದೂವರೆ."

"ಎಷ್ಟು ಸ್ಪೀಡಿನಲ್ಲಿ?"

ಫಾಹಿಮಾ ಮಾವನ ಬಲಗೈಯನ್ನು ನೋಡಿದಳು. ಅವಳು ಓಡಿಸುವಾಗಲೆಲ್ಲ ಪಕ್ಕದ ಸೀಟಿನಲ್ಲಿ ಕೂತು, ಹಗ್ಗ ಬಿಚ್ಚಿದರೆ ಓಡಿಹೋಗುವ ಹೋರಿಯನ್ನು ಹಿಡಿದ ಹಾಗೆ ಆ ಕೈ ಹ್ಯಾಂಡ್‌ಬ್ರೇಕನ್ನು ಹಿಡಿದಿರುತ್ತಿತ್ತು. ಮುಳ್ಳು ಮೂವತ್ತು ದಾಟಿದರೆ ಬೆರಳುಗಳು ಬಿಗಿಯುತ್ತಿದ್ದವು.

"ಓಟ ಕಮ್ಮಿಯಾದರೆ ಎಂತ?" ಎಂದರು ಮೂಸಬ್ಬ. "ದಿನಾ ಬೆಳಿಗ್ಗೆ ಸುಬಹಿ ನಮಾಜು ಮುಗಿಸಿ ಬಂದು ನಾನೇ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಇಡ್ತೇನೆ. ಚಾ ಕುಡಿದು ಪೇಪರು ಓದಿ ಆಗುವಾಗ ಇಂಜಿನ್ ಚಂದ ಬಿಸಿ ಆಗಿರ್ತದೆ. ಲಾರಿಯನ್ನು ಸಾಕಿದ್ದೂ ಹಾಗೆಯೇ."

ರವಿರಾಜ ಕೈ ಒರೆಸುವುದನ್ನು ನಿಲ್ಲಿಸಿದ. "ಎಷ್ಟು ಹೊತ್ತು?"

"ಪೇಪರು ದಪ್ಪ ಇದ್ದರೆ ಮುಕ್ಕಾಲು ಗಂಟೆ."

"ಸರಿ ಹೋಯ್ತು. ನಿಂತಲ್ಲೇ ಉರಿದರೆ ಮಸಿ ಜಾಸ್ತಿ, ಬಿಸಿ ಕಮ್ಮಿ. ಫಿಲ್ಟರ್ ಕಟ್ಟಿಕೊಳ್ಳುವ ಹಾಗೆ ಮಾಡಿದ್ದು ಅಕ್ಕ ಅಲ್ಲ ಸಾಹೇಬ್ರೇ, ನಿಮ್ಮ ಚಾ."

ಮೂಸಬ್ಬ ತಲೆ ಎತ್ತಿ ಗ್ಯಾರೇಜಿನ ಮಾಡಿನ ಶೀಟುಗಳನ್ನು ಒಂದೊಂದಾಗಿ ಪರಿಶೀಲಿಸತೊಡಗಿದರು.

"ಕತ್ತರಿಸುವುದು ಬೇಡ," ಎಂದಳು ಫಾಹಿಮಾ. "ಬೇರೆ ದಾರಿ ಎಂತ ಉಂಟು?"

"ಹೈವೇಯಲ್ಲಿ ಅರ್ಧ ಗಂಟೆ, ಒಂದು ಗೇರು ಕೆಳಗೆ ಇಟ್ಟು, ಎಪ್ಪತ್ತರಲ್ಲಿ ಓಡಿಸಬೇಕು. ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಅರ್ಧ ಉರಿದ ಮಸಿ ಅಲ್ಲೇ ಉಳೀತದೆ. ಇನ್ನೊಂದು ವಾರ ಬಿಟ್ಟರೆ ಅದೂ ಆಗಲಿಕ್ಕಿಲ್ಲ."

"ನೀನೇ ಓಡಿಸಿಕೊಂಡು ಬಾ," ಎಂದು ಮೂಸಬ್ಬ ರವಿರಾಜನ ಕಡೆ ತಿರುಗುವಷ್ಟರಲ್ಲಿ ಡ್ರೈವರ್ ಸೀಟಿನ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಮಾವ, ಬರುವುದಾದರೆ ಬನ್ನಿ," ಎಂದಳು ಫಾಹಿಮಾ ಕಿಟಕಿಯಿಂದ. "ಇಲ್ಲದಿದ್ದರೆ ಇಲ್ಲಿ ಪೇಪರು ಉಂಟು."

ಮೂಸಬ್ಬ ಹತ್ತಿದರು. ಮೂವತ್ತಕ್ಕೆ "ಮೆಲ್ಲ" ಎಂದರು. ಐವತ್ತಕ್ಕೆ "ಮೆಲ್ಲ ಮಗಳೇ" ಎಂದರು. ಕಲ್ಲಡ್ಕ ದಾಟಿ ಎಪ್ಪತ್ತಾದಾಗ ದುಆ ಓದತೊಡಗಿದರು.

"ಮಾವ, ಕೈ."

"ಎಂತ ಕೈ?"

"ಬ್ರೇಕಿನ ಮೇಲಿನದ್ದು. ತೆಗೀರಿ."

ಕೈ ಸ್ವಲ್ಪ ಹೊತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತು, ಕೊನೆಗೆ ಟೊಪ್ಪಿಯನ್ನು ಹಿಡಿದುಕೊಂಡಿತು. ಮಾಣಿ ಕಳೆದು ಫಾಹಿಮಾ ಒಂದು ಎಕ್ಸ್‌ಪ್ರೆಸ್ ಬಸ್ಸನ್ನು ಹಿಂದೆ ಹಾಕಿದಳು. ಬಸ್ಸಿನವನು ಸಿಟ್ಟಿನಿಂದ ಹಾರ್ನ್ ಹೊಡೆದ. ಮೂಸಬ್ಬ ಕುತ್ತಿಗೆ ತಿರುಗಿಸಿ, ಬಸ್ಸು ಸಣ್ಣದಾಗುವವರೆಗೆ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಲಾರಿ ಈ ದಾರಿಯಲ್ಲಿ ಒಂದೇ ಒಂದು ಬಸ್ಸನ್ನೂ ಹಿಂದೆ ಹಾಕಿರಲಿಲ್ಲ.

ಉಪ್ಪಿನಂಗಡಿ ದಾಟುವಾಗ ಅವರ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಅನ್ಸಾಫ್. ಅವನ ಧ್ವನಿ ಸ್ಪೀಕರ್ ಇಲ್ಲದೆಯೂ ಕಾರಿಡೀ ಕೇಳುತ್ತಿತ್ತು.

"ಎಂತ ಶಬ್ದ ಅದು? ಯಾರು ಓಡಿಸುವುದು?"

"ನಿನ್ನ ಹೆಂಡತಿ."

"ನಿಲ್ಲಿಸಲಿಕ್ಕೆ ಹೇಳಿ. ಈಗಲೇ. ಬದಿಗೆ ಹಾಕಿ ನಿಲ್ಲಿಸಲಿಕ್ಕೆ ಹೇಳಿ."

ಮೂಸಬ್ಬ ಡ್ಯಾಶ್‌ಬೋರ್ಡನ್ನು ನೋಡಿದರು. ಸೊಸೆಯ ಕಾಲನ್ನು ನೋಡಿದರು. ಅದು ಒತ್ತಿದಲ್ಲಿಂದ ಕೂದಲೆಳೆಯಷ್ಟೂ ಮೇಲೆ ಬಂದಿರಲಿಲ್ಲ.

"ನಡುವೆ ನಿಲ್ಲಿಸಬಾರದು ಮಾರಾಯ," ಎಂದರು, ಹುಟ್ಟಿದಂದಿನಿಂದ ಫಿಲ್ಟರಿನ ವ್ಯಾಪಾರವನ್ನೇ ಮಾಡಿಕೊಂಡು ಬಂದವರ ಗತ್ತಿನಲ್ಲಿ. "ಅರ್ಧ ಉರಿದ ಮಸಿ ಅಲ್ಲೇ ಉಳೀತದೆ. ನಿನಗೆ ಇದೆಲ್ಲ ತಿಳಿಯುವುದಿಲ್ಲ. ಫೋನ್ ಇಡು."

ನೆಲ್ಯಾಡಿಯ ಬೋರ್ಡು ಹಿಂದಕ್ಕೆ ಹೋಯಿತು. ಅರ್ಧ ಗಂಟೆ ಆಗಲೇ ಕಳೆದಿತ್ತು. ಹಳದಿ ದೀಪ ಫೋನು ಬರುವುದಕ್ಕೂ ಮೊದಲು, ಪೆರ್ನೆಯಲ್ಲೇ ನಂದಿತ್ತು. ಇಬ್ಬರೂ ಅದನ್ನು ನೋಡಿದ್ದರು.