ರಾಹುಕಾಲ ಕಳೆಯಲಿ

ಆ ಸೋಮವಾರ ಬೆಳಿಗ್ಗೆ ಮೈಸೂರಿನ ಮೇಲೆ ಮಾರು ದೂರವೂ ಕಾಣದಷ್ಟು ಮಂಜು ಕವಿದಿತ್ತು. ಹಿಂದಿನ ರಾತ್ರಿಗೇ ಟ್ಯಾಕ್ಸಿಯ ವಿಮೆ ಮುಗಿದಿದ್ದರಿಂದ ಚೆಲುವಯ್ಯ ಕಂತಿನ ಹಣದ ಲಕೋಟೆಗೆ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು ಏಜೆಂಟರ ಕೈಗಿಟ್ಟ.

“ಫುಲ್ ಮಾಡ್ಸಯ್ಯ, ಡ್ಯಾಮೇಜಾದ್ರೆ ಕಾರಿಗೂ ಬರುತ್ತೆ,” ಎಂದರು ಅವರು.

“ಥರ್ಡ್ ಪಾರ್ಟಿ ಸಾಕು ಸಾರ್, ಎದುರಿನವರಿಗೆ ಅನ್ಯಾಯ ಆಗ್ಬಾರ್ದು ಅಷ್ಟೆ. ಕಾರನ್ನ ದೇವರು ನೋಡ್ಕೋತಾನೆ. ಒಂಬತ್ತಕ್ಕೆ ರಾಹುಕಾಲ ಕಳೀಲಿ, ಆಮೇಲೆ ಕಟ್ಟಿ.”

“ಕಂಪ್ಯೂಟರಿಗೆ ಯಾವ ರಾಹುವಯ್ಯ?” ಎಂದು ನಕ್ಕರೂ ಏಜೆಂಟರು ಒಪ್ಪಿದರು.

ಒಂಬತ್ತು ಹೊಡೆದ ಮೇಲೆಯೇ ಚೆಲುವಯ್ಯ ಕಾರು ತೆಗೆದ. ಇನ್ನೂ ಕರಗದ ಮಂಜಿನಲ್ಲಿ, ತಿರುವಿನಲ್ಲಿ ಬಂದ ಸ್ಕೂಟರೊಂದಕ್ಕೆ ಗುದ್ದಿದ. ಹೆಲ್ಮೆಟ್ ತೆಗೆದು ಮುಖ ನೋಡುವ ಧೈರ್ಯ ಬರಲಿಲ್ಲ. ಜನರೇ ಎತ್ತಿಕೊಂಡು ಹೋದರು. ಆಸ್ಪತ್ರೆ ತಲುಪುವಷ್ಟರಲ್ಲಿ ಸವಾರನ ಉಸಿರು ನಿಂತಿತ್ತು.

ಶವಾಗಾರದ ಮುಂದೆ ಕೂತಿದ್ದ ಅವನ ಹೆಂಡತಿಯ ಕಾಲ ಬಳಿ ಚೆಲುವಯ್ಯ ಕುಸಿದ. “ತಪ್ಪು ನಂದೇ ತಾಯಿ. ಆದ್ರೆ ವಿಮೆ ಇದೆ, ನಿಮ್ಮ ಮಕ್ಕಳಿಗೆ ಅನ್ನ ತಪ್ಪಲ್ಲ. ಏಜೆಂಟರ ಬಾಯಲ್ಲೇ ಕೇಳಿ,” ಎಂದು ಫೋನು ಮಾಡಿದ.

ಆಕೆಯ ಮಡಿಲಲ್ಲಿದ್ದ ಗಂಡನ ಚೀಲದೊಳಗೆ ಫೋನು ಹೊಡೆದುಕೊಂಡಿತು. ಅದರಲ್ಲಿ ಮೂಡಿದ ಹೆಸರನ್ನು ಓದಿ, ಅದೇ ಹೆಸರಿದ್ದ, ಕುಂಕುಮ ಹಚ್ಚಿದ, ಇನ್ನೂ ಒಡೆಯದ ಲಕೋಟೆಯನ್ನು ಆಕೆ ಮೆಲ್ಲಗೆ ಅವನ ಕೈಗಿಟ್ಟಳು.