ನಾಲ್ಕು ಗಂಟೆ ಹತ್ತು ನಿಮಿಷ

“ಹೊಸ ಬ್ಯಾಟರಿನೂ ಹೋಯ್ತು” ಎಂದು ಅವಳು ಲ್ಯಾಪ್‌ಟಾಪನ್ನು ರಿಪೇರಿಯವನ ಮೇಜಿನ ಮೇಲಿಟ್ಟಳು. ಅವನ ಹತ್ತಿರವೇ ಸೆಕೆಂಡ್ ಹ್ಯಾಂಡ್ ಕೊಂಡದ್ದು; ಒಂದೇ ತಿಂಗಳಲ್ಲಿ ಇದು ಮೂರನೇ ಸಲ.

ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿದ. “ಹೋಗಕ್ಕೆ ಸಾಧ್ಯಾನೇ ಇಲ್ಲ ಮೇಡಂ. ನಾನೇ ಕೈಯಾರೆ ಹಾಕಿದ್ದು.”

“ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿ ಮುಚ್ಚಿಟ್ಟು ಹೋಗ್ತೀನಿ. ಸಂಜೆ ಕ್ಲಾಸಿಗೆ ಅಂತ ತೆಗೆದ್ರೆ ಅರ್ಧ ಖಾಲಿ. ಹಳೇ ಬ್ಯಾಟರಿ ಆದ್ರೆ ಪೂರ್ತಿ ಸತ್ತೇ ಹೋಗಿರ್ತಿತ್ತು.”

ಅವನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದ. ಚಾರ್ಜರ್ ಬದಲಿಸಿದ್ದ. ಬ್ಯಾಟರಿಯನ್ನು ಸೊನ್ನೆಗೆ ಇಳಿಸಿ ಮತ್ತೆ ತುಂಬಿಸಿದ್ದ. ಹಿಂದೆ ಕದ್ದು ಓಡುವ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದ್ದ. ಉಳಿದದ್ದು ಒಂದೇ: ಯಂತ್ರ ಯಾವಾಗ ಎದ್ದಿತು, ಯಾವಾಗ ಮಲಗಿತು ಎಂದು ಅದೇ ಬರೆದಿಟ್ಟುಕೊಳ್ಳುವ ಪಟ್ಟಿ. ಅದನ್ನು ತೆರೆದ. ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದ ಬೆರಳು ನಿಂತಿತು.

“ನಾಲ್ಕು ಹತ್ತಕ್ಕೆ ನೀವೆಲ್ಲಿರ್ತೀರಿ?”

“ಲ್ಯಾಬಲ್ಲಿ. ರಕ್ತ ಪರೀಕ್ಷೆ ಮಾಡ್ತಾ. ಬಿಡೋದು ಆರಕ್ಕೆ.”

“ದಿನಾ ನಾಲ್ಕು ಹತ್ತಕ್ಕೆ ಇದು ಏಳತ್ತೆ. ಐದು ದಾಟಿದ ಮೇಲೆ ಮಲಗತ್ತೆ. ಭಾನುವಾರ ಮಾತ್ರ ಇಲ್ಲ.”

“ತಾನಾಗೇನಾ?”

“ತಾನಾಗಿ ಅಲ್ಲ.” ಅವನು ದನಿ ತಗ್ಗಿಸಿದ. “ಯಾರೋ ಮುಚ್ಚಳ ತೆಗೀತಾರೆ.”

ಆಮೇಲೆ ಕ್ಯಾಮೆರಾದ ಮೇಲೆ ಉಗುರಿಟ್ಟು ತೋರಿಸಿದ. ಗಾಯಕ್ಕೆ ಹಚ್ಚುವ ಪಟ್ಟಿಯ ಚೂರೊಂದನ್ನು ಕತ್ತರಿಸಿ ಅಚ್ಚುಕಟ್ಟಾಗಿ ಅಂಟಿಸಲಾಗಿತ್ತು. ಅಂಟಿಸಿದ್ದು ಅವಳಲ್ಲ.

“ಮುಂಚೆ ಇದು ಯಾರದಾಗಿತ್ತು?”

“ಒಬ್ಬರು ಲೆಕ್ಕದ ಮೇಷ್ಟ್ರದ್ದು. ತೀರ್ಕೊಂಡ್ರು. ಮನೆಯವರು ತಂದುಕೊಟ್ಟು ಹೋದ್ರು.” ಅವನು ಅವಳ ಮುಖ ನೋಡಲಿಲ್ಲ. “ಅವರದ್ದೆಲ್ಲ ಅಳಿಸಿ ಕೊಡಬೇಕಿತ್ತು, ಮರೆತೆ. ಈಗ ಅಳಿಸಿಬಿಡ್ಲಾ?”

“ಬೇಡ. ಮೊದಲು ನಾನು ನೋಡ್ತೀನಿ.”

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅಲ್ಲಿ ಇದ್ದದ್ದು ಅವಳು ಮತ್ತು ಅಪ್ಪ. ಅಪ್ಪ ರೈಲು ನಿಲ್ದಾಣದಲ್ಲಿ ಗಾಡಿ ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಮೂವತ್ತು ವರ್ಷ ಆ ದನಿ ನಾಲ್ಕು ಪ್ಲಾಟ್‌ಫಾರ್ಮ್ ತುಂಬುತ್ತಿತ್ತು. ಅಮ್ಮ ಹೋದ ದಿನ ಅದು ನಿಂತಿತು. ಹದಿನಾಲ್ಕು ತಿಂಗಳಲ್ಲಿ ಒಂದು ಮಾತಿಲ್ಲ. ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿ, ಗಂಟಲಿಗೇನೂ ಆಗಿಲ್ಲ ಎಂದಿದ್ದರು. ಅಪ್ಪ ಕಿಟಕಿ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ಹೌದಾದರೆ ತಲೆಯಾಡಿಸುತ್ತಿದ್ದರು. ಇಲ್ಲವಾದರೆ ಅದೂ ಇಲ್ಲ, ಕಣ್ಣು ಮುಚ್ಚುತ್ತಿದ್ದರು.

“ಅಪ್ಪ, ಮಧ್ಯಾಹ್ನ ಮನೆಗೆ ಯಾರಾದ್ರೂ ಬರ್ತಾರಾ?” ಎಂದು ಅವಳು ಕೇಳಿದಳು.

ಅಪ್ಪ ಕಣ್ಣು ಮುಚ್ಚಿದರು.

ಮರುದಿನ ಅವಳು ಅರ್ಧ ದಿನ ರಜೆ ಹಾಕಿದಳು. ನಾಲ್ಕೂಕಾಲಿಗೆ ಸದ್ದಿಲ್ಲದೆ ಮೆಟ್ಟಿಲು ಹತ್ತಿ, ಬೀಗದ ಕೈ ಹಿಡಿದು ಬಾಗಿಲಿಗೆ ಕಿವಿಗೊಟ್ಟಳು.

ಒಳಗೆ ಒಬ್ಬ ಗಂಡಸು ಮಾತಾಡುತ್ತಿದ್ದ.

ತುಂಬಿದ, ಆಳವಾದ, ಆತುರವಿಲ್ಲದ ದನಿ.

“ಪ್ರಯಾಣಿಕರ ಗಮನಕ್ಕೆ. ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಗಾಡಿಯು…”

ಅದು ಅಪ್ಪನ ದನಿ.

ಮಗುವೊಂದು ಕಿಲಕಿಲ ನಕ್ಕಿತು. “ತಾತಾ, ತಾತಾ, ಇನ್ನೊಂದ್ಸಲ! ಗಾಡಿ ಲೇಟಾಗಿ ಬರೋದನ್ನ ಹೇಳಿ!”

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೊದಲು ಅಳು ಬಂತು. ಹಿಂದೆಯೇ ಸಿಟ್ಟು ಬಂತು. ಒಂದೇ ಒಂದು ಮಾತಿಗಾಗಿ ತಾನು ಅಂಗಲಾಚಿದ್ದೇನು, ಇಲ್ಲಿ ಯಾರದೋ ಮಗುವಿಗೆ ರೈಲಿನ ಆಟವೇನು! ಸಿಟ್ಟು ಇಳಿದ ಮೇಲೆ ಉಳಿದದ್ದು ಭಯ. ಮೇಷ್ಟ್ರು ಸತ್ತಿದ್ದಾರೆ. ಯಂತ್ರದಲ್ಲಿ ಅವರ ವಿಡಿಯೊ ಕರೆಯ ಖಾತೆ ಅಳಿಯದೆ ಬದುಕಿದೆ. ಅವರ ಮೊಮ್ಮಗಳು ಶಾಲೆಯಿಂದ ಬಂದು ದಿನಾ ತಾತನನ್ನು ಕರೆಯುತ್ತಾಳೆ. ಅಪ್ಪ ಕ್ಯಾಮೆರಾಕ್ಕೆ ಪಟ್ಟಿ ಹಚ್ಚಿ, ಸತ್ತವನ ಹೆಸರಿಗೆ ಓಗೊಡುತ್ತಾರೆ.

ಮುಂದಿನ ನಾಲ್ಕು ದಿನವೂ ಅವಳು ಲ್ಯಾಬಿನಿಂದ ಬೇಗ ಹೊರಟು ಬಂದು ಆ ಮೆಟ್ಟಿಲ ಮೇಲೆ ಕೂತಳು. ಅಪ್ಪ “ನಿಮ್ಮಜ್ಜಿ ಇದ್ದಾಗ…” ಎಂದು ಶುರುಮಾಡಿ ಅಮ್ಮನ ಮಾತು ಹೇಳುತ್ತಿದ್ದರು. ಮಳೆಗೆ ಹೆದರುತ್ತಿದ್ದ ಅಮ್ಮ, ನಿಲ್ದಾಣದ ಬೆಂಚಿನಲ್ಲಿ ಸ್ವೆಟರ್ ಹೆಣೆಯುತ್ತ ಕಾಯುತ್ತಿದ್ದ ಅಮ್ಮ. ಮಗಳಿಗೂ ಗೊತ್ತಿಲ್ಲದ ಸಂಗತಿಗಳು. ಮಗು ಒಮ್ಮೆಯೂ ಅಡ್ಡ ಮಾತಾಡಲಿಲ್ಲ. ಕೊನೆಗೆ ತಪ್ಪದೆ ಕೇಳುತ್ತಿತ್ತು: “ಇವತ್ತು ಊಟ ಮಾಡಿದ್ರಾ ತಾತ?”

ಇದನ್ನು ಬೆಳೆಯಲು ಬಿಡಬಾರದು ಎನಿಸಿತು ಅವಳಿಗೆ. ಎಂದೋ ಒಂದು ದಿನ ಆ ಮಗುವಿಗೆ ನಿಜ ತಿಳಿಯುತ್ತದೆ. ಆಗ ಅದರ ತಾತ ಇನ್ನೊಮ್ಮೆ ಸಾಯುತ್ತಾನೆ. ಅಪ್ಪ ಮತ್ತೆ ಮೂಕರಾದರೂ ಸರಿ, ಸುಳ್ಳು ಸುಳ್ಳೇ.

ಐದನೇ ದಿನ ಅವಳು ಬಾಗಿಲು ತೆರೆದಳು. ಅಪ್ಪ ನೀರು ಕುಡಿಯಲು ಎದ್ದು ಹೋಗಿದ್ದರು. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಪರದೆಯ ಮೇಲೆ ಎರಡು ಜಡೆಯ ಹುಡುಗಿ. ಮುಂದಿನ ಹಲ್ಲೊಂದು ಬಿದ್ದಿತ್ತು, ಶಾಲೆಯ ಬಟ್ಟೆ ಇನ್ನೂ ಮೈಮೇಲಿತ್ತು.

“ಪುಟ್ಟಿ” ಎಂದು ಅವಳು ಪಿಸುಗುಟ್ಟಿದಳು. “ನಾನು ಈ ಮನೆಯವಳು. ನಿನಗೊಂದು ವಿಷಯ ಹೇಳಬೇಕು. ದಿನಾ ನಿನ್ನ ಹತ್ರ ಮಾತಾಡೋರು ಇದ್ದಾರಲ್ಲ, ಅವರು…”

“ಶ್…!” ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. “ನಮ್ಮ ತಾತ ಹೋದ ವರ್ಷಾನೇ ಸತ್ತೋದ್ರು ಆಂಟಿ. ಒಂದಿನ ಸುಮ್ನೆ, ಅವರ ಫೋಟೊ ಕಾಣ್ಲಿ ಅಂತ ಕಾಲ್ ಮಾಡಿದೆ. ಯಾರೋ ಎತ್ತಿದ್ರು. ಮಾತೇ ಇಲ್ಲ, ಬರೀ ಅಳ್ತಿದ್ರು. ಅದಕ್ಕೇ ‘ತಾತ’ ಅಂದೆ.”

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಚಪ್ಪಲಿಯ ಸದ್ದು ಹತ್ತಿರವಾಯಿತು.

“ನಂಗೆ ಗೊತ್ತು ಅಂತ ಅವರಿಗೆ ಹೇಳ್ಬಿಡಬೇಡಿ ಆಂಟಿ. ಅವರು ಮಾತಾಡೋದೇ, ನಾನು ಅಳಬಾರದು ಅಂತ.”