ಕೊನೆಯ ಸಾಲು ನುಂಗುವ ಆ್ಯಪ್

ಕಂಪ್ಯೂಟರಿನ ಪುಟ್ಟ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಬೇಕಾದರೆ ಹಳೆಯದರ ತಪ್ಪನ್ನು ಅದರ ಮುಖಕ್ಕೇ ಹೇಳಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬಂದಮೇಲೆ ತಿಪಟೂರಿನಲ್ಲಿ ಯಾರೂ ಅಪ್‌ಡೇಟ್ ಮಾಡಿದ್ದೇ ಇಲ್ಲ. ದಾಕ್ಷಿಣ್ಯದ ಊರು.

ಮದುವೆ ಕಾರ್ಡು ಅಚ್ಚು ಹಾಕುವ ವಿಶಾಲಾಕ್ಷಿಗೆ ಮಾತ್ರ ಇವತ್ತು ಬೇರೆ ದಾರಿಯಿರಲಿಲ್ಲ. ಪುಟ ಜೋಡಿಸುವ ಅವಳ ಆ್ಯಪ್ ಪ್ರತಿ ಕಾರ್ಡಿನ ಕೊನೆಯ ಸಾಲನ್ನು ನುಂಗುತ್ತಿತ್ತು. ಇಷ್ಟು ವರ್ಷವೂ ಅವಳು ಆ ಸಾಲನ್ನು ಬೇರೆ ಚೀಟಿಯಲ್ಲಿ ಅಚ್ಚು ಹಾಕಿ ಅಂಟಿಸುತ್ತಿದ್ದಳು. ಈ ಸಲ ಅಂಟು ಬಿಟ್ಟು, ವರನ ಸೋದರಮಾವನ ಹೆಸರೇ ಉದುರಿಹೋಗಿತ್ತು. ಆ ಸೋದರಮಾವ ಅಂಗಡಿ ಬಾಗಿಲಲ್ಲೇ ಕೂತಿದ್ದರು.

"ಸಂಜೆಯೊಳ್ಗೆ ಹೆಸರು ಬರ್ಲಿಲ್ಲ ಅಂದ್ರೆ ನಮ್ಮ ಕಡೆಯೋರ ಒಂದು ಕಾರ್ಡೂ ಇನ್ನು ಇಲ್ಲಿಗೆ ಬರಲ್ಲ ಕಣಮ್ಮ."

ವಿಶಾಲಾಕ್ಷಿ ಪರದೆಯ ಕಡೆ ಬಾಗಿದಳು. "ನಿಂದೇನೂ ತಪ್ಪಿಲ್ಲಪ್ಪ."

"ಹಂಗಾದ್ರೆ ಅಪ್‌ಡೇಟ್ ಯಾಕಕ್ಕ?" ಎಂದಿತು ಆ್ಯಪ್.

"ಸುಮ್ನೆ, ಎಲ್ರೂ ಮಾಡಿಸ್ತಾರೆ ಅಂತ."

"ಈ ಊರಲ್ಲಿ ಯಾರೂ ಮಾಡಿಸಿಲ್ವಲ್ಲ."

"ನೀವಿಬ್ರೂ ಮಾತಾಡ್ತಿರಿ, ಅಷ್ಟ್ರಲ್ಲಿ ಮದುವೆ ಮುಗಿದೋಗುತ್ತೆ!" ಎಂದರು ಸೋದರಮಾವ.

ವಿಶಾಲಾಕ್ಷಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟಳು: "ನೀನು ಕೊನೇ ಸಾಲು ನುಂಗ್ತೀಯ. ಮೊದಲ್ನೇ ದಿನದಿಂದ್ಲೂ."

"ಹೌದಾ ಅಕ್ಕ? ದಿನಾ ಚೆನ್ನಾಗಿ ಬಂದಿದೆ ಅಂತಿದ್ರಲ್ಲ. ಅವತ್ತೇ ಹೇಳಿದ್ರೆ ನಾನೇ ತಿದ್ಕೊಂಡಿರ್ತಿದ್ದೆ," ಎಂದು ಆ್ಯಪ್ ಒಪ್ಪಿಗೆ ಕೊಟ್ಟು ಅಳಿಸಿಹೋಯಿತು.

ಹೊಸ ಆ್ಯಪ್ ಸೋದರಮಾವನ ಹೆಸರನ್ನು ಪೂರ್ತಿಯಾಗಿ, ಆದರೆ ಕೊಂಚ ಓರೆಯಾಗಿ ಕೂರಿಸಿ, "ಹೇಗಿದೆ ಅಕ್ಕ?" ಎಂದು ಕೇಳಿತು.

ಹೊಗಳಿಕೆಯ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ವಿಶಾಲಾಕ್ಷಿ ಅದನ್ನು ಅಲ್ಲೇ ತಡೆದಳು.

"ಓರೆಯಾಗಿದೆ ಕಣೋ, ನೆಟ್ಟಗೆ ಮಾಡು," ಎಂದಳು.